ಹರವಿ, ಎಂಜಿನ್ ಮತ್ತು ಹತ್ತು ಲೀಟರಿನ ಡಬ್ಬಿ

ಎಂಜಿನ್‌ಗೆ ನೀರು ಬೇಕು ಅಂದ್ರೆ ನಮ್ಮೂರಲ್ಲಿ ಯಾರೂ ಹುಬ್ಬೇರಿಸೋದಿಲ್ಲ. ಕಂಪ್ಯೂಟರ್‌ಗೆ ನೀರು ಬೇಕು ಅಂದ್ರೆ ಮಾತ್ರ, ಹುಡುಗನಿಗೆ ಬೆಂಗಳೂರಿನ ಹವಾ ತಲೆಗೇರಿದೆ ಅಂತಾರೆ. ಬೆಂಗಳೂರಿನ ಗೆಳೆಯರದು ಇನ್ನೊಂದು ಥರ. ಅವರಿಗೆ ಲಿಕ್ವಿಡ್ ಕೂಲಿಂಗ್ ಅಂದ್ರೆ ಗಾಜಿನ ಕ್ಯಾಬಿನೆಟ್ಟು, ಒಳಗೆ ಬಣ್ಣದ ನೀರು, ಮಿಣುಕು ದೀಪ, ಗೇಮ್ ಆಡೋ ಹುಡುಗರ ಶೋಕಿ. ಈಚೆಗೆ ಹುಟ್ಟಿಕೊಂಡ ಚಾಳಿ ಅಂತ ಅವರ ಎಣಿಕೆ. ಹತ್ತು ಲೀಟರಿನ ಒಂದು ಸಣ್ಣ ಕಂಪ್ಯೂಟರ್ ಕೇಸಿಗೆ ತೂತು ಕೊರೆದು ನೀರಿನ ಪೈಪು ಹಾಕೋಕೆ ನಾನು ಹೊರಟಾಗ ಈ ಎರಡೂ ಗುಂಪಿಗೆ ಉತ್ತರ ಕೊಡಬೇಕಾಯ್ತು. ಉತ್ತರ ಹುಡುಕ್ತಾ ಹೋದ್ರೆ ಅದು ಅರ್ಧ ಶತಮಾನಕ್ಕೂ ಹಳೆಯ ಇತಿಹಾಸ. ಅದರ ಒಂದು ತುದಿ ನಮ್ಮ ಹೊಲದ ಬಾವಿ ದಂಡೆ ಮೇಲೇ ಇತ್ತು.

ಮೊದಲು ಡಬ್ಬಿಯ ಲೆಕ್ಕ ಹೇಳಿಬಿಡ್ತೀನಿ. ಒಳಗಿರೋದು ಮಿನಿ-ಐಟಿಎಕ್ಸ್ ಮದರ್‌ಬೋರ್ಡ್, 170 ಮಿಲಿಮೀಟರ್ ಚೌಕ, ಒಂದು ಗೇಣಿಗಿಂತ ಕಡಿಮೆ. ತೈವಾನಿನ ವಿಐಎ ಕಂಪನಿ 2001ರಲ್ಲಿ ಈ ಅಳತೆಯನ್ನು ಮಾರುಕಟ್ಟೆಗೆ ತಂದದ್ದು ಕಡಿಮೆ ಕರೆಂಟು ತಿನ್ನೋ ಬಡಪಾಯಿ ಚಿಪ್ಪುಗಳಿಗಾಗಿ. ಆಮೇಲೆ ಹವ್ಯಾಸಿಗಳು ಅದೇ ಗೇಣಿನ ಬೋರ್ಡಿಗೆ ದೊಡ್ಡ ಪ್ರೊಸೆಸರ್, ದೊಡ್ಡ ಗ್ರಾಫಿಕ್ಸ್ ಕಾರ್ಡು ತುರುಕೋಕೆ ಶುರು ಮಾಡಿದ್ರು. ನನ್ನದರಲ್ಲಿ ಎಎಂಡಿ ರೈಜನ್ 7 5800ಎಕ್ಸ್ ಇದೆ, ಪೂರ್ತಿ ದುಡಿದಾಗ 142 ವ್ಯಾಟ್. ಗ್ರಾಫಿಕ್ಸ್ ಕಾರ್ಡಿನದು 220 ವ್ಯಾಟ್. ಎರಡೂ ಕೂಡಿಸಿದ್ರೆ 360ರ ಮೇಲೆ. ಒಬ್ಬ ಮನುಷ್ಯ ಸುಮ್ಮನೆ ಕೂತಾಗ ಹೊರಬಿಡೋ ಶಾಖ ಸುಮಾರು 100 ವ್ಯಾಟ್. ಅಂದ್ರೆ ಮೂರೂವರೆ ಮನುಷ್ಯರನ್ನ ಒಂದು ಕೊಡದಷ್ಟು ಜಾಗದಲ್ಲಿ ಕೂರಿಸಿದ ಹಾಗೆ.

ಇಷ್ಟು ಸಣ್ಣದೇ ಯಾಕೆ ಬೇಕು ಅಂದ್ರೆ, ಬಸ್ಸಿಗಾಗಿ. ಲಾಕ್‌ಡೌನ್ ಆದಮೇಲೆ ನಾನು ವರ್ಷದಲ್ಲಿ ಎರಡು-ಮೂರು ತಿಂಗಳು ಊರಿಂದಲೇ ಕೆಲಸ ಮಾಡ್ತೀನಿ. ನಮ್ಮೂರು ರೋಣಕ್ಕೂ ಗಜೇಂದ್ರಗಡಕ್ಕೂ ನಡುವೆ. ಹತ್ತು ಲೀಟರಿನ ಡಬ್ಬಿ ಬೆನ್ನಿನ ಚೀಲದಲ್ಲಿ ಕೂತು ರಾತ್ರಿ ಬಸ್ಸಿನಲ್ಲಿ ತೊಡೆ ಮೇಲೆ ಬರ್ತದೆ. ಟವರ್ ಕ್ಯಾಬಿನೆಟ್ಟು ಬರೋದಿಲ್ಲ. ಆದರೆ ಏಪ್ರಿಲ್‌ನಲ್ಲಿ ಇಲ್ಲಿನ ಮಧ್ಯಾಹ್ನ 40 ಡಿಗ್ರಿ. ಈ ಪ್ರೊಸೆಸರ್‌ಗೆ 90 ಡಿಗ್ರಿಯ ಗೆರೆ ಹಾಕಿಟ್ಟಿದ್ದಾರೆ; ಅದನ್ನು ಮುಟ್ಟಿದ ಕೂಡಲೇ ತಾನೇ ವೇಗ ಇಳಿಸಿಕೊಳ್ತದೆ. ಬೆಂಗಳೂರಿನಲ್ಲಿ 40 ನಿಮಿಷಕ್ಕೆ ಮುಗಿಯೋ ಕೆಲಸ ಊರಲ್ಲಿ ಒಂದು ಗಂಟೆ ದಾಟ್ತಿತ್ತು. ಫ್ಯಾನಿನ ಸದ್ದು ಹಿಟ್ಟಿನ ಗಿರಣಿ.

ಇಲ್ಲಿ ನೀರು ಯಾಕೆ ಅನ್ನೋದಕ್ಕೆ ಒಂದು ಸಣ್ಣ ಗಣಿತ ಸಾಕು. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಬೇಕಾದ ಶಾಖದಲ್ಲಿ ಸುಮಾರು 3,500 ಲೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಬಹುದು. ನನ್ನ 360 ವ್ಯಾಟ್ ಹೊತ್ತೊಯ್ಯೋಕೆ, ಐದು ಡಿಗ್ರಿ ಏರಿಕೆಗೆ ಒಪ್ಪಿಕೊಂಡರೆ, ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ ಆಯ್ತು. ಅದೇ ಕೆಲಸಕ್ಕೆ ಗಾಳಿ ಆದರೆ ನಿಮಿಷಕ್ಕೆ 3,600 ಲೀಟರ್. ಹತ್ತು ಲೀಟರಿನ ಡಬ್ಬಿಯೊಳಗೆ ಸೆಕೆಂಡಿಗೆ ಆರು ಸಲ ಪೂರ್ತಿ ಗಾಳಿ ಬದಲಾಗಬೇಕು! ಡಬ್ಬಿ ಸಣ್ಣದಾದಷ್ಟೂ ಈ ಜಗಳ ಜೋರಾಗ್ತದೆ. ಕಂಪ್ಯೂಟರ್ ಇತಿಹಾಸದಲ್ಲಿ ನೀರು ಪ್ರತಿ ಸಲ ಒಳಗೆ ಬಂದದ್ದೂ ಹೀಗೇ, ಯಾರೋ ಒಬ್ಬರು ಬೆಂಕಿಯನ್ನು ಇನ್ನಷ್ಟು ಇಕ್ಕಟ್ಟಿನ ಜಾಗದಲ್ಲಿ ಹಚ್ಚಿದಾಗ.

ಐಬಿಎಂನವರು 1960ರ ದಶಕದಲ್ಲೇ ತಮ್ಮ ಸಿಸ್ಟಂ/360 ಮಾಡೆಲ್ 91ಕ್ಕೆ ನೀರು ಹರಿಸಿದ್ದರು. 1980ರಲ್ಲಿ ಬಂದ ಐಬಿಎಂ 3081 ಇನ್ನೂ ಮಜಾ. ನೂರಕ್ಕೂ ಹೆಚ್ಚು ಚಿಪ್ಪುಗಳನ್ನ ಒಂದೇ ಸೆರಾಮಿಕ್ ಹಲಗೆ ಮೇಲೆ ಕೂರಿಸಿ, ಪ್ರತಿ ಚಿಪ್ಪಿನ ಬೆನ್ನಿಗೂ ಸ್ಪ್ರಿಂಗ್ ಹಾಕಿದ ಒಂದೊಂದು ಲೋಹದ ಪಿಸ್ಟನ್ ಒತ್ತಿಟ್ಟು, ಸುತ್ತ ಹೀಲಿಯಂ ಅನಿಲ ತುಂಬಿ, ಮೇಲಿಂದ ನೀರು ಹರಿಯೋ ತಟ್ಟೆ ಮುಚ್ಚಿದ್ರು. ಆ ಒಂದು ಮಾಡ್ಯೂಲು ಹೊರಹಾಕ್ತಿದ್ದ ಶಾಖ ಸುಮಾರು 300 ವ್ಯಾಟ್. ಓದಿದಾಗ ನಾನು ಎರಡು ಸಲ ನೋಡಿದೆ. ಬ್ಯಾಂಕು, ವಿಮಾನಯಾನ ಕಂಪನಿಗಳ ಮೇನ್‌ಫ್ರೇಮಿನ ಮಾಡ್ಯೂಲಿಗಿಂತ ಹೆಚ್ಚು ಬಿಸಿಯನ್ನು ನಾನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬರ್ತಿದ್ದೆ.

ಅದೇ ಹೊತ್ತಿಗೆ ಸೇಮೌರ್ ಕ್ರೇ ತನ್ನ ಸೂಪರ್‌ಕಂಪ್ಯೂಟರುಗಳಲ್ಲಿ ಬೇರೆ ದಾರಿ ಹಿಡಿದಿದ್ದ. 1976ರ ಕ್ರೇ-1ರ ಒಳಗೆ ಫ್ರಿಜ್ಜಿನಲ್ಲಿರೋ ಥರದ ಫ್ರಿಯಾನ್ ಹರೀತಿತ್ತು. ಆ ಯಂತ್ರ ತಿನ್ನುತ್ತಿದ್ದ ವಿದ್ಯುತ್ತು 115 ಕಿಲೋವ್ಯಾಟ್. 1985ರ ಕ್ರೇ-2ಕ್ಕೆ ಬಂದಾಗ ಸರ್ಕ್ಯೂಟುಗಳನ್ನು ಎಷ್ಟು ಒತ್ತಾಗಿ ಜೋಡಿಸಿದನಂದ್ರೆ ಪೈಪು ಹಾಕೋಕೂ ಜಾಗ ಉಳೀಲಿಲ್ಲ. ಕೊನೆಗೆ ಇಡೀ ಯಂತ್ರವನ್ನೇ ಫ್ಲೋರಿನರ್ಟ್ ಅನ್ನೋ, ವಿದ್ಯುತ್ ಹರಿಸದ ದ್ರವದಲ್ಲಿ ಮುಳುಗಿಸಿಬಿಟ್ಟ. ಯಂತ್ರದ ಎತ್ತರ ನಾಲ್ಕು ಅಡಿಯ ಆಸುಪಾಸು. ಸಣ್ಣ ಕೇಸಿನ ಹುಚ್ಚು ಹಿಡಿದವರೆಲ್ಲರ ಮೂಲಪುರುಷ ಅವನೇ ಅಂತ ನನ್ನ ಅಭಿಪ್ರಾಯ. ಆ ಜಾತಿಯ ರಾಸಾಯನಿಕಗಳು ಮಣ್ಣು-ನೀರಿನಲ್ಲಿ ಕರಗದೆ ಉಳೀತಾವೆ ಅನ್ನೋ ಗಲಾಟೆ ಈಗ ದೊಡ್ಡದಾಗಿದೆ. ತಯಾರಿಸ್ತಿದ್ದ 3ಎಂ ಕಂಪನಿ ಅವುಗಳ ಉತ್ಪಾದನೆಯಿಂದಲೇ ಹೊರಬರೋದಾಗಿ 2022ರ ಡಿಸೆಂಬರ್‌ನಲ್ಲಿ ಘೋಷಿಸಿತು. ಬಿಸಿ ಹೋಯ್ತು, ದ್ರವ ಉಳೀತು.

ಈ ಕಥೆ ಒಂದು ಸುತ್ತು ಹಾಕಿ ನಮ್ಮ ಕಡೆಗೂ ಬರ್ತದೆ. ಭಾರತ ಮುಂಗಾರಿನ ಮುನ್ಸೂಚನೆಗಾಗಿ ಕ್ರೇ ಯಂತ್ರ ಕೇಳಿತ್ತು. ಅಮೆರಿಕ ತುಂಬಾ ಎಳೆದಾಡಿ, ಕೇಳಿದ್ದಕ್ಕಿಂತ ಸಣ್ಣದನ್ನ, ಷರತ್ತು ಹಾಕಿ ಕೊಟ್ಟಿತು. 1980ರ ದಶಕದ ಕೊನೆಗೆ ದೆಹಲಿಯ ಹವಾಮಾನ ಮುನ್ಸೂಚನಾ ಕೇಂದ್ರಕ್ಕೆ ಬಂದ ಆ ಕ್ರೇ ಎಕ್ಸ್-ಎಂಪಿ ಕೂಡ ಫ್ರಿಯಾನ್ ತಂಪಿನದೇ. ರೋಣದ ರೈತ ಮಳೆ ಯಾವಾಗ ಅಂತ ಮುಗಿಲು ನೋಡ್ತಾ ಕೂತಾಗ, ಅದೇ ಪ್ರಶ್ನೆಯನ್ನು ದೆಹಲಿಯಲ್ಲಿ ಒಂದು ಯಂತ್ರ ತಣ್ಣಗೆ ಲೆಕ್ಕ ಹಾಕ್ತಿತ್ತು. ದೊಡ್ಡ ಯಂತ್ರ ಸಿಗಲಿಲ್ಲ ಅನ್ನೋ ಸಿಟ್ಟಿನಲ್ಲೇ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು. ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ಕ್ಕೆ ಪರಮ್ 8000 ಬಂತು. ಒಂದೇ ಚಿಪ್ಪಿನ ಗುಂಪಿಗೆ ಬೆಂಕಿ ಹಚ್ಚೋ ಬದಲು, ಸಣ್ಣ ಸಣ್ಣ ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳಿಗೆ ಕೆಲಸ ಹಂಚೋದು ಅದರ ದಾರಿ. ಬಡವರ ಮನೆಯ ಜಾಣತನ ಅನ್ನಿ ಬೇಕಾದ್ರೆ. ಮುಂದೆ ಇಡೀ ಜಗತ್ತೇ ಆ ಕಡೆ ಬಂತು.

ಆ ನಡುವೆ ಮೇನ್‌ಫ್ರೇಮಿನವರು ನೀರು ಬಿಟ್ಟಿದ್ದರು. 1990ರ ದಶಕದ ಮಧ್ಯದಲ್ಲಿ ಸಿಮಾಸ್ ಚಿಪ್ಪುಗಳು ಬಂದು ಬಿಸಿ ಥಟ್ಟನೆ ಇಳೀತು, ಗಾಳಿಯೇ ಸಾಕಾಯ್ತು. ತಮಾಷೆ ಏನಂದ್ರೆ, ದೊಡ್ಡವರು ಕೈಬಿಟ್ಟ ವಿದ್ಯೆಯನ್ನ ಅದೇ ಹೊತ್ತಿಗೆ ಕಾಲೇಜು ಹುಡುಗರು ಎತ್ತಿಕೊಂಡರು. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಅನ್ನೋ ಅಗ್ಗದ ಚಿಪ್ಪನ್ನ 450 ಮೆಗಾಹರ್ಟ್ಸ್‌ಗೆ ಓಡಿಸಬಹುದು ಅಂತ ಗೊತ್ತಾಯ್ತು. ಬಸ್ಸಿನ ವೇಗ 66ರಿಂದ 100ಕ್ಕೆ ಏರಿಸಿದ್ರೆ ಆಯ್ತು. ಏರಿಸಿದ್ರೆ ಬಿಸಿ. ಬಿಸಿಗೆ ಔಷಧಿ ಅಂಗಡಿಯಲ್ಲಿ ಸಿಗ್ತಿರಲಿಲ್ಲ, ಹಾಗಾಗಿ ಮೀನಿನ ತೊಟ್ಟಿಯ ಪಂಪು, ಗುಜರಿಗೆ ಹೋದ ಕಾರಿನ ಹೀಟರ್ ಕೋರ್, ಮನೆಯಲ್ಲೇ ಡ್ರಿಲ್ ಹೊಡೆದು ಮಾಡಿದ ತಾಮ್ರದ ಬ್ಲಾಕು. ಹೀಟರ್ ಕೋರ್ ಅಂದ್ರೆ ಚಳಿ ದೇಶದ ಕಾರುಗಳಲ್ಲಿ ಒಳಗೆ ಬೆಚ್ಚಗಿಡೋಕೆ ಇರೋ ಪುಟ್ಟ ರೇಡಿಯೇಟರ್. ಕೇಸಿನಲ್ಲಿ ಅದು ಹಿಡಿಸ್ತಿರಲಿಲ್ಲ. ಕತ್ತರಿಸಿದ್ರು. ಇಲ್ಲವೇ ಕೇಸಿನ ಬೆನ್ನಿಗೆ ನೇತುಹಾಕಿದ್ರು.

ಅವರು ಬಳಸಿದ ಬ್ಲಾಕಿನ ಈಗಿನ ರೂಪಕ್ಕೆ ಇನ್ನೊಂದು ಮೂಲ ಇದೆ. 1981ರಲ್ಲಿ ಸ್ಟ್ಯಾನ್‌ಫರ್ಡ್‌ನ ಟಕರ್‌ಮನ್ ಮತ್ತು ಪೀಸ್ ಸಿಲಿಕಾನ್ ಚೂರಿನ ಬೆನ್ನಲ್ಲೇ ಕೂದಲೆಳೆಯಂಥ ಕಾಲುವೆಗಳನ್ನ ಕೊರೆದು ನೀರು ಹರಿಸಿ, ಚದರ ಸೆಂಟಿಮೀಟರಿಗೆ 790 ವ್ಯಾಟ್ ಶಾಖ ತೆಗೆದು ತೋರಿಸಿದ್ರು. ಹೊಲಕ್ಕೆ ನೀರು ಬಿಟ್ಟವರಿಗೆ ಇದು ತಕ್ಷಣ ತಿಳೀತದೆ: ಒಂದು ದೊಡ್ಡ ಕಾಲುವೆಗಿಂತ ನೂರು ಸಣ್ಣ ಬೋದುಗಳಲ್ಲಿ ನೀರು ಮಣ್ಣನ್ನು ಚೆನ್ನಾಗಿ ಮುಟ್ತದೆ. ಇವತ್ತು ನಾನು ಎಸ್‌ಪಿ ರೋಡಿನಲ್ಲಿ ಕೊಂಡು ತಂದ ವಾಟರ್ ಬ್ಲಾಕು ಬಿಚ್ಚಿ ನೋಡಿದ್ರೆ ಒಳಗಿರೋದು ಅದೇ, ತಾಮ್ರದಲ್ಲಿ. 2009ರಲ್ಲಿ ಡೆನ್ಮಾರ್ಕಿನ ಅಸೆಟೆಕ್ ಮಾಡಿ ಕೋರ್ಸೇರ್ ಮಾರಿದ ಎಚ್50 ಬಂದಮೇಲೆ ಎಲ್ಲವೂ ಮೊಹರು ಹಾಕಿದ ಪೊಟ್ಟಣವಾಯ್ತು. ನೀರು ಒಳಗಿದೆ ಅನ್ನೋದೇ ಮರೆತು ಹೋಗುವಷ್ಟು. 2013ರ ಎನ್‌ಕೇಸ್ ಎಂ1 ಅನ್ನೋ ಕೇಸು ಜನರಿಂದ ಮುಂಗಡ ದುಡ್ಡು ಎತ್ತಿ ತಯಾರಾಗಿ, ಹದಿಮೂರು ಲೀಟರಿನೊಳಗೆ 240 ಮಿಲಿಮೀಟರಿನ ರೇಡಿಯೇಟರ್ ಕೂರಿಸಿ ತೋರಿಸಿತು. ಅಲ್ಲಿಂದ ಸಣ್ಣ ಕೇಸಿನವರ ಪಂಥ ಬೆಳೀತು.

ಆ ಹವ್ಯಾಸಿಗಳ ಒಂದು ಉಪಪಂಥವನ್ನ ಮಾತ್ರ ಇಲ್ಲಿ ನಿಂತು ನೋಡಲೇಬೇಕು. 2000ರ ಸುಮಾರಿಗೆ ಕೆಲವರು ರೇಡಿಯೇಟರನ್ನೇ ಬಿಟ್ಟು, ಎತ್ತರದ ಪಿವಿಸಿ ಪೈಪಿನ ನೆತ್ತಿಯಿಂದ ಬಿಸಿನೀರನ್ನ ಶವರಿನ ಥರ ಸುರಿಸಿ, ಕೆಳಗಿಂದ ಗಾಳಿ ಊದಿಸ್ತಿದ್ರು. ಬಾಂಗ್ ಕೂಲರ್ ಅಂತ ಅದರ ಹೆಸರು. ನೀರು ಒಂದಿಷ್ಟು ಆವಿಯಾಗಿ ಹೋಗ್ತಾ ಉಳಿದ ನೀರನ್ನ ಕೋಣೆಯ ಗಾಳಿಗಿಂತಲೂ ತಂಪು ಮಾಡ್ತಿತ್ತು. ಯಾವ ಒಣ ರೇಡಿಯೇಟರ್‌ಗೂ ಇದು ಸಾಧ್ಯವಿಲ್ಲ. 40 ಡಿಗ್ರಿಯ ಗಾಳಿಯಲ್ಲಿ ಅದರ ನೀರು 40ಕ್ಕಿಂತ ಕೆಳಗೆ ಇಳಿಯೋದಿಲ್ಲ. ಬಾಂಗ್ ಕೂಲರ್ ಬಗ್ಗೆ ಓದುವಾಗ ನನಗೆ ನಗು ಬಂತು. ಇದು ನಮ್ಮ ಅಡುಗೆಮನೆ ಮೂಲೆಯ ಹರವಿ ಅಲ್ವೇನ್ರಿ!

ಹರವಿಯ ಮಣ್ಣಿನ ರಂಧ್ರಗಳಿಂದ ನೀರು ಬೆವರಿ, ಆವಿಯಾಗಿ, ಒಳಗಿನದನ್ನ ತಣ್ಣಗಿಡ್ತದೆ. ನಮ್ಮ ಬಯಲಿನ ಒಣ ಬೇಸಿಗೆಯಲ್ಲಿ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ತಂಪು. ಹಾಗಾದ್ರೆ ಪ್ರೊಸೆಸರ್ ನೀರನ್ನ ತಾಮ್ರದ ಸುರುಳಿಯಲ್ಲಿ ಹರವಿಯೊಳಗೆ ಹಾಯಿಸಿದ್ರೆ ಆಗೋದಿಲ್ವಾ? ಕಾಗದ-ಪೆನ್ನು ತಗೊಂಡೆ. ಹರವಿಯಿಂದ ದಿನಕ್ಕೆ ಒಂದು ಲೀಟರ್ ಆವಿಯಾದ್ರೆ ಅದು ಹೊತ್ತೊಯ್ಯೋದು ಸರಾಸರಿ 28 ವ್ಯಾಟ್. ನನ್ನ 360 ವ್ಯಾಟಿಗೆ ಹದಿಮೂರು ಹರವಿ ಸಾಲಾಗಿ ಇಡಬೇಕು. ಕಂಪ್ಯೂಟರ್ ಅಲ್ಲ, ಜಾತ್ರೆಯ ಅರವಟಿಗೆ ಆಗ್ತದೆ.

ಹರವಿಯ ದಾರಿ, ರೇಡಿಯೇಟರಿನ ದಾರಿ ಇವೆರಡೂ ಬೇರೆ ಬೇರೆ. ಒಂದು ನೀರನ್ನ ಕೊಟ್ಟು ತಂಪು ಕೊಳ್ತದೆ. ಇನ್ನೊಂದು ಅದೇ ನೀರನ್ನ ತಿರುಗಿಸ್ತಾ ಬಿಸಿಯನ್ನಷ್ಟೇ ಹೊರಗೆ ಚೆಲ್ತದೆ. ಮೋಟಾರು ಗಾಡಿಯೂ ಮೊದಲನೇ ದಾರಿಯಲ್ಲೇ ಶುರುವಾದದ್ದು. ಕಾರ್ಲ್ ಬೆಂಜ್‌ನ 1886ರ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗ್ತಿತ್ತು. 1888ರಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಮಕ್ಕಳನ್ನ ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋದಾಗ ದಾರಿಯುದ್ದಕ್ಕೂ ನಿಂತು ನಿಂತು ನೀರು ತುಂಬಿಸಬೇಕಾಯ್ತು. ಹನ್ನೆರಡು-ಹದಿಮೂರು ವರ್ಷದ ಮೇಲೆ ವಿಲ್‌ಹೆಲ್ಮ್ ಮೇಬ್ಯಾಕ್ ಮೊದಲ ಮರ್ಸಿಡಿಸ್‌ಗೆ 8,070 ಸಣ್ಣ ನಳಿಕೆಗಳ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಅಲ್ಲಿಗೆ ಗಾಡಿ ನೀರು ಕುಡಿಯೋದು ಬಹುಮಟ್ಟಿಗೆ ನಿಂತಿತು. ನಾನು ಸಣ್ಣವನಿದ್ದಾಗ ಗಜೇಂದ್ರಗಡದ ಘಾಟು ಹತ್ತಿ ಬಂದ ಬಸ್ಸಿಗೆ ಕಂಡಕ್ಟರು ಕೊಡದಲ್ಲಿ ನೀರು ಸುರೀತಿದ್ದದ್ದು ಹಳೆಯ ಅಭ್ಯಾಸದ ಉಳಿಕೆ ಅಷ್ಟೇ.

ಬಾವಿ ದಂಡೆಯ ಡೀಸೆಲ್ ಎಂಜಿನ್ ಮಾತ್ರ ಬಹಳ ದಿನ ಮೊದಲನೇ ದಾರಿಯಲ್ಲೇ ಉಳೀತು. ನಮ್ಮ ಸೀಮೆಗೆ ಎಂಜಿನ್ ಅಂದ್ರೆ ಕಿರ್ಲೋಸ್ಕರ್. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ್ರು. ಮನೆತನದ ಡೀಸೆಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯ್ತು. ನಮ್ಮ ಹೊಲದಲ್ಲಿದ್ದದ್ದು ಐದು ಅಶ್ವಶಕ್ತಿಯದು. ಪಂಪು ಎತ್ತಿದ ನೀರಿನಲ್ಲೇ ಒಂದು ಸಣ್ಣ ಕೊಳವೆ ಕವಲೊಡೆದು ಸಿಲಿಂಡರಿನ ಸುತ್ತ ಹೋಗಿ, ಆಚೆ ಬಂದು ಕಾಲುವೆಗೆ ಬೀಳ್ತಿತ್ತು. ನಾವು ಹುಡುಗರು ಆ ಸಣ್ಣ ಧಾರೆಗೆ ಕೈ ಒಡ್ಡಿ ಬೆಚ್ಚಗಿದೆಯಾ ಅಂತ ನೋಡ್ತಿದ್ವಿ. ತಣ್ಣಗೆ ಬಂದ್ರೆ ಅಜ್ಜನಿಗೆ ಖುಷಿ, ಎಂಜಿನ್ ಆರಾಮ ಅದ ಅಂತ.

ಎಂಜಿನಿಯರುಗಳ ಅಭಿಪ್ರಾಯ ಉಲ್ಟಾ ಇತ್ತು ಅಂತ ನನಗೆ ಬಿಇ ಓದುವಾಗ ಗೊತ್ತಾಯ್ತು. ಬಾವಿಯ ತಣ್ಣೀರು ಹೀಗೆ ನೇರ ಹಾಯ್ದರೆ ಎಂಜಿನ್ ಬೇಕಾದ್ದಕ್ಕಿಂತ ತಣ್ಣಗಾಗ್ತದೆ, ಡೀಸೆಲ್ ಸರಿಯಾಗಿ ಉರಿಯೋದಿಲ್ಲ, ಖರ್ಚು ಜಾಸ್ತಿ, ಸವೆತವೂ ಜಾಸ್ತಿ. ಪಕ್ಕದಲ್ಲಿ ಒಂದು ಬ್ಯಾರಲ್ ಇಟ್ಟು ಅದರ ನೀರೇ ತಿರುಗೋ ಹಾಗೆ ಮಾಡಿ ಅಂತ ಅವರ ಸಲಹೆ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯೋ ಗುಣದಿಂದ ಪಂಪೂ ಬೇಡ. ಕಂಪ್ಯೂಟರ್ ಜಗತ್ತು ಇದೇ ಮಾತನ್ನ 2010ರಲ್ಲಿ ಹೊಸದಾಗಿ ಕಲೀತು. ಐಬಿಎಂ ಮತ್ತು ಜ್ಯೂರಿಕ್‌ನ ಇಟಿಎಚ್ ಸೇರಿ ಅಕ್ವಾಸಾರ್ ಅನ್ನೋ ಸೂಪರ್‌ಕಂಪ್ಯೂಟರನ್ನ 60 ಡಿಗ್ರಿ ಬಿಸಿನೀರಿನಿಂದ ತಂಪು ಮಾಡಿದ್ವು. 80 ಡಿಗ್ರಿಯ ಚಿಪ್ಪಿಗೆ 60 ಡಿಗ್ರಿಯ ನೀರೂ ತಂಪೇ. ಹೊರಬಂದ ಬಿಸಿನೀರಿನಿಂದ ಕಟ್ಟಡ ಬೆಚ್ಚಗಾಯ್ತು. ತಣ್ಣಗೆ ಅಂದ್ರೆ ಐಸಿನಷ್ಟು ತಣ್ಣಗೆ ಅಂತ ಯಾರೂ ಹೇಳಿಲ್ಲ. ನನ್ನ ಕೆಲಸಕ್ಕೆ ಧೈರ್ಯ ಕೊಟ್ಟದ್ದು ಇದೇ: ಏಪ್ರಿಲ್‌ನ 40 ಡಿಗ್ರಿ ಗಾಳಿಯಲ್ಲಿ ನೀರು 48-50ಕ್ಕೆ ನಿಂತರೂ ಪ್ರೊಸೆಸರ್ 90ರ ಗೆರೆ ದಾಟೋದಿಲ್ಲ.

ಈಗ ಡಬ್ಬಿಗೆ ಕೈ ಹಾಕೋಣ. ಹವ್ಯಾಸಿಗಳ ಒಂದು ರೂಢಿ ಲೆಕ್ಕದ ಪ್ರಕಾರ 120 ಮಿಲಿಮೀಟರ್ ರೇಡಿಯೇಟರ್‌ಗೆ 100ರಿಂದ 150 ವ್ಯಾಟ್. ನನ್ನ ಹೊರೆಗೆ ಮೂರು ಫ್ಯಾನಿನ 360 ಮಿಲಿಮೀಟರ್ ಬೇಕು, ಕೇಸಿನೊಳಗೆ ಹಿಡಿಸೋದು ಒಂದೇ ಫ್ಯಾನಿನದು. ಮೊದಲ ಯೋಜನೆ ಮೇಲಿನ ತಗಡು ಕತ್ತರಿಸಿ, ರೇಡಿಯೇಟರನ್ನ ಟೋಪಿಯ ಥರ ಕೂರಿಸೋದಿತ್ತು. ಆ ಮಾತು ಅವ್ವನ ಮುಂದೆ ಬಂತು. ನಾನು ಕೂತು ಕೆಲಸ ಮಾಡೋ ಕೋಣೆಯಲ್ಲೇ ಅವಳು ಮಧ್ಯಾಹ್ನ ಮಲಗೋದು. ಅದು ಹಳೇ ಮಾಳಿಗೆ ಮನೆ ಕೆಡವಿ ಹಾಕಿದ ಸಿಮೆಂಟ್ ಸ್ಲ್ಯಾಬಿನ ಕೋಣೆ, ಸಂಜೆತನಕ ಕಾದ ಹಂಚು. ನೀರಿನಿಂದ ಹೆಂಗ ತಂಪಾಗ್ತದ ಅಂತ ನಾನು ಹೇಳ್ತಾ ಹೋದೆ. ಪೂರ್ತಿ ಕೇಳಿ ಅವಳು ಅಂದದ್ದು: “ಅದರ ಬ್ಯಾಸಗಿ ತಗದು ನನ್ನ ಮೈಮ್ಯಾಲ ಹಾಕ್ತಿ, ಅಷ್ಟ ಅಲ್ಲನು?”

ಅಷ್ಟೇ. ನೀರು ಬಿಸಿಯನ್ನು ಕೊಲ್ಲೋದಿಲ್ಲ, ಸಾಗಿಸ್ತದೆ. ಕೇಸಿನ ಒಳಗಿನ ತಾಪ ಎಷ್ಟೇ ಇಳಿದರೂ ಕೋಣೆಗೆ 360 ವ್ಯಾಟ್ ಬರೋದು ಬಂದೇ ಬರ್ತದೆ. ಮೂರೂವರೆ ಮಂದಿ ಹೆಚ್ಚಿಗೆ ಬಂದು ಕೂತಂಗೆ. ನಾನು ಓದಿದ ಪರೀಕ್ಷಾ ವರದಿಗಳಲ್ಲಿ ಚಿಪ್ಪಿನ ತಾಪ ಇತ್ತು, ಫ್ಯಾನಿನ ಸದ್ದು ಇತ್ತು, ಕೋಣೆಯಲ್ಲಿ ಮಲಗಿದವರ ಲೆಕ್ಕ ಒಂದರಲ್ಲೂ ಇರಲಿಲ್ಲ. ಅವೆಲ್ಲ ಎಸಿ ಕೋಣೆಯಲ್ಲಿ ಮಾಡಿದ ಪರೀಕ್ಷೆಗಳು.

ಯೋಜನೆ ಬದಲಾಯ್ತು. ಹಳೇ ಹೀಟರ್ ಕೋರಿನವರ ಹಾಗೆ ರೇಡಿಯೇಟರ್ ಕೇಸಿನ ಹೊರಗೆ. ಬರೀ ಕೇಸಿನ ಹೊರಗಲ್ಲ, ಗೋಡೆಯ ಹೊರಗೆ. ಕೇಸಿನ ಹಿಂಭಾಗದ ಅಲ್ಯೂಮಿನಿಯಂ ತಗಡಿನಲ್ಲಿ 20 ಮಿಲಿಮೀಟರಿನ ಎರಡು ತೂತು. ಕೊರೆಯೋ ಮೊದಲು ಬೋರ್ಡು, ಕಾರ್ಡು, ಪವರ್ ಸಪ್ಲೈ ಎಲ್ಲ ಬಿಚ್ಚಿ ಬೇರೆ ಕೋಣೆಗೆ. ಸಾಸಿವೆಯಷ್ಟು ಲೋಹದ ಚೂರು ಉಳಿದರೂ ಬೋರ್ಡು ಸುಟ್ಟಂಗೆ. ಗಜೇಂದ್ರಗಡದಲ್ಲಿ ಕಿಟಕಿ-ಗ್ರಿಲ್ ಮಾಡೋ ಅಂಗಡಿಯವರ ಹತ್ತಿರ ಮೆಟ್ಟಿಲಿನಾಕಾರದ ಡ್ರಿಲ್ ಬಿಟ್ ಇತ್ತು, ತೆಳು ತಗಡನ್ನ ಹರಿಯದೆ ದುಂಡಗೆ ಕೊರೆಯೋದು. ಅವರು ತೂತಿನ ಅಂಚನ್ನ ಅರದಿಂದ ಉಜ್ಜಿ, ಬೆರಳಾಡಿಸಿ ನೋಡಿ, ಇನ್ನೊಮ್ಮೆ ಉಜ್ಜಿದ್ರು. ದುಡ್ಡು ಬೇಡ ಅಂದ್ರು, ಆದರೆ ಇದು ಯಾಕೆ ಅಂತ ಅರ್ಧ ತಾಸು ಕೇಳಿದ್ರು.

ತೂತಿಗೆ ಗೋಡೆ ದಾಟೋ ಥರದ ಫಿಟ್ಟಿಂಗು. ಅದಕ್ಕೆ ಕ್ವಿಕ್ ಡಿಸ್‌ಕನೆಕ್ಟ್ ಜೋಡಣೆ. ಎಳೆದ ಕೂಡಲೇ ಎರಡೂ ಬದಿ ತಾನೇ ಮುಚ್ಚಿಕೊಳ್ತದೆ, ಒಂದೆರಡು ಹನಿಗಿಂತ ಹೆಚ್ಚು ಬೀಳೋದಿಲ್ಲ. ಕೇಸಿನೊಳಗೆ ಎರಡು ವಾಟರ್ ಬ್ಲಾಕ್ ಮತ್ತು ಒಂದೂವರೆ ಮೊಳ ಮೆತ್ತನೆ ಪೈಪು, ಅಷ್ಟೇ. ಪಂಪು, ನೀರಿನ ಡಬ್ಬಿ, ರೇಡಿಯೇಟರ್ ಎಲ್ಲ ಕಿಟಕಿಯಾಚೆ ಉತ್ತರ ಬದಿಯ ಕಟ್ಟೆ ಮೇಲೆ, ನೆರಳಿನಲ್ಲಿ. ಮುಂದೆ ಸೊಳ್ಳೆ ಪರದೆಯ ಬಟ್ಟೆ, ನಮ್ಮ ಕರಿಮಣ್ಣಿನ ಧೂಳಿಗೆ. ಬ್ಲಾಕು ತಾಮ್ರದ್ದಾದ್ರೆ ರೇಡಿಯೇಟರೂ ತಾಮ್ರ-ಹಿತ್ತಾಳೆಯದೇ ಇರಬೇಕು. ಅಲ್ಯೂಮಿನಿಯಂ ಬೆರೆತರೆ ಒಂದೇ ನೀರಿನಲ್ಲಿ ಎರಡು ಲೋಹ ಬ್ಯಾಟರಿ ಆಗಿ ಅಲ್ಯೂಮಿನಿಯಂ ಕರಗ್ತಾ ಹೋಗ್ತದೆ. ನೀರು ತುಂಬೋ ಮೊದಲು ಸೈಕಲ್ ಪಂಪಿನಿಂದ ಅರ್ಧ ಬಾರ್ ಗಾಳಿ ಒತ್ತಿ, ಗೇಜಿನ ಮುಳ್ಳು ಅಲ್ಲಾಡ್ತದಾ ಅಂತ ಒಂದು ರಾತ್ರಿ ಬಿಟ್ಟೆ. ನಮ್ಮ ಬೋರಿನ ನೀರು ಮಾತ್ರ ಬೇಡವೇ ಬೇಡ, ಅದರ ಸುಣ್ಣ ಕೂದಲೆಳೆ ಕಾಲುವೆಗಳನ್ನ ಒಂದು ತಿಂಗಳಲ್ಲಿ ಮುಚ್ಚೀತು. ಇನ್ವರ್ಟರ್ ಅಂಗಡಿಯ ಬ್ಯಾಟರಿ ನೀರು, ಅದಕ್ಕೆ ಪಾಚಿ ಮತ್ತು ತುಕ್ಕು ತಡೆಯೋ ದ್ರಾವಣ ನಾಲ್ಕು ಹನಿ. ಒಟ್ಟು ಮುಕ್ಕಾಲು ಲೀಟರ್.

ಮೊದಲ ದಿನ ಹೊರಗೆ 39 ಇತ್ತು. ಎರಡು ತಾಸು ಪೂರ್ತಿ ಹೊರೆ ಕೊಟ್ಟಮೇಲೆ ನೀರು 47, ಪ್ರೊಸೆಸರ್ 81. ವೇಗ ಇಳೀಲಿಲ್ಲ. ಕೋಣೆಯಲ್ಲಿ ಕೇಳಿದ್ದು ಸೀಲಿಂಗ್ ಫ್ಯಾನಿನ ಸದ್ದೊಂದೇ.

ಮುಕ್ಕಾಲು ಲೀಟರ್ ಅನ್ನೋ ಅಂಕಿಯ ಮೇಲೆ ನಾನು ಸ್ವಲ್ಪ ಹೆಚ್ಚೇ ನಿಂತೀನಿ, ಅದಕ್ಕೆ ಕಾರಣ ನಮ್ಮ ಸೀಮೆ. ನವಿಲುತೀರ್ಥದ ಅಣೆಕಟ್ಟೆಯ ಮಲಪ್ರಭಾ ಕಾಲುವೆಯಲ್ಲಿ ನೀರು ಸರಿಯಾಗಿ ಬಾರದಿದ್ದರೂ ಅಭಿವೃದ್ಧಿ ಕರ ಕಟ್ಟಿ ಅಂದಾಗ ರೈತರು ಎದ್ದದ್ದು, 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಗುಂಡು ಹಾರಿದ್ದು ಇಲ್ಲೇ. 2015ರಿಂದ ಮಹದಾಯಿಗಾಗಿ ಧರಣಿ ಕೂತದ್ದೂ ನರಗುಂದದಲ್ಲೇ. ಇಂಥ ಕಡೆ ಯಂತ್ರದ ತಂಪಿಗೆ ನೀರು ಅಂದ್ರೆ ಎಷ್ಟು, ಅದು ವಾಪಸ್ ಬರ್ತದಾ ಅನ್ನೋದೇ ಮೊದಲ ಪ್ರಶ್ನೆ. ಗ್ರಿಲ್ ಅಂಗಡಿಯವರು ಅರ್ಧ ತಾಸು ಕೇಳಿದ್ದೂ ಅದನ್ನೇ.

ನನ್ನ ಡಬ್ಬಿಗೆ ಅದು ವಾಪಸ್ ಬರ್ತದೆ. ನಾನು ಕೋಡ್ ಕಳಿಸೋ ಕ್ಲೌಡಿನಲ್ಲಿ ಎಲ್ಲ ಕಡೆ ಹಾಗಿಲ್ಲ. ಎಷ್ಟೋ ಡೇಟಾ ಸೆಂಟರುಗಳು ನೆತ್ತಿ ಮೇಲೆ ಕೂಲಿಂಗ್ ಟವರ್ ಇಟ್ಟುಕೊಂಡು, ಹರವಿಯ ದಾರಿಯಲ್ಲಿ, ನೀರನ್ನ ಆವಿ ಮಾಡಿ ತಂಪಾಗ್ತವೆ. ಕರೆಂಟು ಕಡಿಮೆ ಬೇಕು, ಅದಕ್ಕೆ. ಹರವಿಯ ಗಣಿತವನ್ನೇ ಅಲ್ಲಿಗೂ ಹಚ್ಚಬಹುದು. ಒಂದು ಯೂನಿಟ್ ವಿದ್ಯುತ್ತಿನ ಶಾಖ ಪೂರ್ತಿ ಆವಿಯಾಗಿ ಹೋಗಬೇಕಾದ್ರೆ ಸುಮಾರು ಒಂದೂವರೆ ಲೀಟರ್ ನೀರು. ನನ್ನ ಯಂತ್ರ ಎಂಟು ತಾಸು ದುಡಿದ್ರೆ ನಾಲ್ಕು ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಒಂದು ಮೆಗಾವ್ಯಾಟಿನ ಸಭಾಂಗಣ ಹಗಲು-ರಾತ್ರಿ ಓಡಿದ್ರೆ ದಿನಕ್ಕೆ 35,000 ಲೀಟರ್ ದಾಟ್ತದೆ, 12,000 ಲೀಟರಿನ ಮೂರು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರುಗಳು ಒಣಗಿ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ವಾರ ನಾನು ಅಪಾರ್ಟ್‌ಮೆಂಟಿನ ಕೆಳಗೆ ಟ್ಯಾಂಕರಿಗೆ ಕಾಯ್ತಾ ನಿಂತು ಈ ಲೆಕ್ಕ ಹಾಕಿದ್ದು. ಆ ಟವರುಗಳಿಗೆ ಸಂಸ್ಕರಿಸಿದ ಕೊಳಚೆ ನೀರು ಹಾಕಬಹುದು, ಒಣ ರೇಡಿಯೇಟರ್ ಹಾಕಿ ಕರೆಂಟು ಹೆಚ್ಚು ಕೊಡಬಹುದು. ದಾರಿಗಳಿವೆ, ಬೆಲೆಯೂ ಇದೆ. ನಮ್ಮ ದೇಶದ ಹೊಸ ಸೂಪರ್‌ಕಂಪ್ಯೂಟರುಗಳಲ್ಲೂ, 2022ರಲ್ಲಿ ಗಾಂಧಿನಗರದ ಐಐಟಿಗೆ ಬಂದ ಪರಮ್ ಅನಂತದಂಥವುಗಳಲ್ಲಿ, ಚಿಪ್ಪಿನ ಬೆನ್ನಿಗೇ ದ್ರವ ಹರಿಸ್ತಾರೆ. ಚಿಪ್ಪಿನ ಬದಿಯ ಕೊಳಾಯಿ ಎಲ್ಲರಿಗೂ ಗೊತ್ತು. ಇನ್ನೊಂದು ಬದಿಯದು ಎಲ್ಲಿ ಹೋಗಿ ಮುಟ್ತದೆ ಅಂತ ನಿಮ್ಮ ಕಂಪನಿಯ ಸರ್ವರ್ ನೋಡಿಕೊಳ್ಳೋರನ್ನ ಒಮ್ಮೆ ಕೇಳಿ ನೋಡ್ರಿ.

ಈಗ ಬೆಂಗಳೂರಿಗೆ ಹೊರಡುವಾಗ ಎರಡು ಪೈಪು ಎಳೆದು ಬಿಡಿಸ್ತೀನಿ, ಡಬ್ಬಿ ಚೀಲಕ್ಕೆ, ರೇಡಿಯೇಟರ್ ಕಟ್ಟೆ ಮೇಲೆ ಗೋಣಿಚೀಲ ಹೊದ್ದು ಅಲ್ಲೇ. ಬೆಂಗಳೂರಿನ ಬಾಲ್ಕನಿಯಲ್ಲಿ ಎರಡು ಫ್ಯಾನಿನ ಇನ್ನೊಂದು ಸಣ್ಣದು ಇದೆ. ಅವ್ವನ ತಕರಾರು ಈಗ ಬೇರೆ: ಮೂರು ಫ್ಯಾನಿನ ಬೆಚ್ಚನೆ ಗಾಳಿ ಸುಮ್ಮನೆ ಹೋಗ್ತದ, ಅದರ ಮುಂದ ಸಂಡಿಗಿ ಒಣಗಸಾಕ ಜಾಲರಿ ಸ್ವಲ್ಪ ಮುಂದಕ್ಕ ಮಾಡು ಅಂತ. ಜಾಲರಿ ಒಂದು ಗೇಣು ಮುಂದಕ್ಕೆ ಬಂದಿದೆ. ಸಂಡಿಗೆ ಒಣಗೋಕೆ ಒಂದು ದಿನ ಕಡಿಮೆ ಹಿಡೀತಂತೆ.